ಮೇಲಿನ ಸೂಜಿ

ಇಂಡಿ ದಾಟಿ ಸಿಂದಗಿಯ ಹಾದಿ ಹಿಡಿದ ಮೇಲೂ ಸುಜಯೀಂದ್ರನಿಗೆ ಏನೋ ಮರೆತು ಬಂದಂತೆ ಅನಿಸುತ್ತಲೇ ಇತ್ತು. ಕಿಸೆ ಮುಟ್ಟಿಕೊಂಡ. ಕನ್ನಡಕ ಇತ್ತು, ಫೋನಿತ್ತು. ಹಿಂದಿನ ಸೀಟಿನ ಮೇಲೆ ನರ ಹುಡುಕುವ ಸ್ಕ್ಯಾನಿಂಗ್ ಯಂತ್ರದ ಪೆಟ್ಟಿಗೆಯೂ ಇತ್ತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾದಿಯ ನಟ್ಟನಡುವೆ ತೂಗಾಡುತ್ತ ಹೊರಟಿತ್ತು. ಹಾರ್ನ್ ಹೊಡೆದರೆ ಸರಿಯುತ್ತದೆಂದು ಗೊತ್ತಿದ್ದೂ ಅವನು ಹೊಡೆಯಲಿಲ್ಲ. ತಡವಾದರೆ ಆಗಲಿ. ತಡವಾಗಿ ಹೋದರೆ ಸರ್ಜನ್ ಬಸಂತರಾಯ ಸಿಟ್ಟಾಗಿ, ಬ್ಲಾಕು ಗೀಕು ಏನೂ ಬ್ಯಾಡ, ಸೀದಾ ಭೂಲ್ ಕೊಟ್ಟು ಮಲಗಸ್ರಿ ಅಂದಾನು. ಆಗ ನಿರ್ಧಾರ ತನ್ನದಾಗಿ ಉಳಿಯುವುದಿಲ್ಲ. ಇಂಥದೊಂದು ಆಸೆ ತನ್ನೊಳಗೆ ಸದ್ದಿಲ್ಲದೆ ಬಂದು ಕೂತದ್ದನ್ನು ಕಂಡು ಅವನಿಗೇ ಹೇಸಿಕೆಯಾಯಿತು. ಹಾರ್ನ್ ಹೊಡೆದ. ಟ್ರ್ಯಾಕ್ಟರು ಸರಿಯಿತು.

ಈ ಕಡೆ ಅವನಂಥವರನ್ನು ಜನ ಭೂಲಿನ ಡಾಕ್ಟರು ಅನ್ನುತ್ತಾರೆ. ಮೈಮರೆಸುವವನು. ಇಂಡಿಯಲ್ಲಿ ಮನೆ, ಫೋನ್ ಬಂದ ಹಾಗೆ ಸಿಂದಗಿಗೋ, ಮುದ್ದೇಬಿಹಾಳಕ್ಕೋ, ಬಾಗೇವಾಡಿಗೋ ಹೋಗುವುದು, ಅಲ್ಲಿಯ ಖಾಸಗಿ ಆಸ್ಪತ್ರೆಗಳ ಥಿಯೇಟರಿನಲ್ಲಿ ರೋಗಿಯ ತಲೆಯ ಹತ್ತಿರ ಕೂತು ಉಸಿರು ಕಾಯುವುದು, ಎಚ್ಚರಾದ ಮೇಲೆ ಎದ್ದು ಹೋಗುವುದು. ನಾಲತವಾಡದ ಒಂದು ಮದುವೆಯಲ್ಲಿ ಒಬ್ಬಾಕೆ ಊಟದ ಪಂಕ್ತಿಯ ನಡುವೆಯೇ ಬಂದು ಬಸಂತರಾಯನ ಕಾಲಿಗೆ ಬಿದ್ದು, ಪಕ್ಕದಲ್ಲಿ ಕೂತ ಇವನ ಕಡೆ ತಿರುಗಿ, 'ಇವರು ಯಾರ್ರಿ, ನಿಮ್ಮ ತಮ್ಮಾರೇನ್ರಿ?' ಎಂದು ಕೇಳಿದ್ದಳು. ಆಕೆಯ ಹೊಟ್ಟೆ ಕೊಯ್ದಿದ್ದ ಇಡೀ ಹೊತ್ತು ಇವನ ಬೆರಳು ಆಕೆಯ ನಾಡಿಯ ಮೇಲಿತ್ತು. ಅವನು ನಕ್ಕು ಕೈಮುಗಿದಿದ್ದ. ಆ ನಗೆ ಈಗಲೂ ಒಮ್ಮೊಮ್ಮೆ ಕಾರಿನ ಕನ್ನಡಿಯಲ್ಲಿ ಕಾಣುತ್ತದೆ. ಯಾರೂ ಗುರುತು ಹಿಡಿಯದ ಕೆಲಸಕ್ಕೆ ಒಂದು ಅನುಕೂಲವೂ ಇದೆಯಲ್ಲ, ತಪ್ಪನ್ನೂ ಯಾರೂ ಗುರುತು ಹಿಡಿಯುವುದಿಲ್ಲ ಎಂದು ಒಮ್ಮೆ ಅಂದುಕೊಂಡಿದ್ದ. ನಿನ್ನೆ ಸಂಜೆ ಬಸಂತರಾಯನ ಫೋನ್ ಬಂತು. 'ಸುಜಯ, ನಾಳೆ ಎದಿ ಆಪರೇಷನ್ ಒಂದೈತಿ. ನಿಮ್ಮ ಸಾಲೋಟಗಿ ಅಕ್ಕೋರು. ಹೋದ ವರ್ಷ ಕ್ಯಾನ್ಸರಂತ ಎಡಗಡೆ ತಗದಿದ್ವಲ್ಲ, ಈಗ ಬಲಗಡೆ ಗಂಟ ಬಂದೈತಿ. ನೀವ ಬೇಕಂತ ಕುಂತಾರ.'

ಅಕ್ಕೋರು ಎಂದರೆ ಮೆಹರುನ್ನಿಸಾ ಟೀಚರು. ಸಾಲೋಟಗಿಯ ಕನ್ನಡ ಸಾಲೆಯಲ್ಲಿ ಅವನಿಗೆ ಮೂರನೆಯ ಇಯತ್ತೆ ಕಲಿಸಿದವರು. ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಸೀಮೆಸುಣ್ಣದ ಪುಡಿ ಹತ್ತಿದ ಬೆರಳಿನಿಂದ ಅವನ ಕಿವಿ ಹಿಂಡಿ, ಒತ್ತಕ್ಷರ ತಿದ್ದಿಸಿದವರು. ಹೋದ ವರ್ಷ ಅವರ ಬೆನ್ನಿಗೆ ಸೂಜಿ ಹಾಕುವಾಗ ಅವನ ಕೈ ನಡುಗಿರಲಿಲ್ಲ. ನಡುಗದಂಥ ಸೂಜಿಯನ್ನೇ ಅವನು ಆರಿಸಿಕೊಂಡಿದ್ದ.

ಎದೆಯ ಆಪರೇಷನ್ನಿಗೆ ಬರೀ ಭೂಲ್ ಸಾಲದು. ಎಚ್ಚರಾದ ಮೇಲೆ ಗಾಯ ಕೂಗತೊಡಗುತ್ತದೆ. ಅದಕ್ಕೆಂದೇ ಮೊದಲು ಎದೆಗೆ ಹೋಗುವ ನರಗಳನ್ನು ಮರಗಟ್ಟಿಸುವುದು; ಬ್ಲಾಕು ಎಂದರೆ ಅದೇ. ಅದಕ್ಕೆ ಎರಡು ದಾರಿ ಅವನಿಗೆ ಗೊತ್ತು. ಒಂದು ಆಳದ ಸೂಜಿ: ಬೆನ್ನುಹುರಿಯ ಮಗ್ಗುಲಲ್ಲಿ, ನರ ಹೊರಬರುವ ಸಂದಿಗೇ ಹೋಗಿ ಔಷಧಿ ಬಿಡುವುದು. ಚೆನ್ನಾಗಿ ಬಿದ್ದರೆ ಎದೆಯ ಆ ಪಾಲೇ ಮಲಗಿಬಿಡುತ್ತದೆ. ಆದರೆ ಆ ಸಂದಿಯಾಚೆ ಉಗುರಿನಷ್ಟು ದೂರದಲ್ಲೇ ಪುಪ್ಪುಸದ ಪೊರೆ. ಇನ್ನೊಂದು ಮೇಲಿನ ಸೂಜಿ: ಅಷ್ಟು ಆಳಕ್ಕೆ ಇಳಿಯದೆ ಸ್ನಾಯುವಿನ ಅಡಿಯಲ್ಲಿ, ಎಲುಬಿನ ಮೇಲೇ ಔಷಧಿ ಬಿಟ್ಟು, ಅದು ತಾನಾಗಿ ಇಳಿದು ನರ ಮುಟ್ಟೀತು ಎಂದು ನಂಬುವುದು. ಮುಟ್ಟುತ್ತದೆ, ಒಮ್ಮೊಮ್ಮೆ ಅರ್ಧ ಮುಟ್ಟುತ್ತದೆ, ಒಮ್ಮೊಮ್ಮೆ ದಾರಿಯಲ್ಲೇ ಇಂಗುತ್ತದೆ. ಆದರೆ ಯಾರ ಪುಪ್ಪುಸಕ್ಕೂ ತೂತು ಬೀಳುವುದಿಲ್ಲ. ಮೊದಲು ಅವನು ಆಳದ ಸೂಜಿಯವನೇ. ಹಾಕುತ್ತ ಹಾಕುತ್ತ ಅದರಲ್ಲೊಂದು ಹೆಮ್ಮೆಯೂ ಬಂದಿತ್ತು. ಆಮೇಲೆ ಮುದ್ದೇಬಿಹಾಳದಲ್ಲಿ ಸುನಂದಾ ಎಂಬಾಕೆಗೆ ಹಾಕುವಾಗ ಸೂಜಿ ಕೂದಲೆಳೆಯಷ್ಟು ಮುಂದೆ ಹೋಯಿತು. ಸಂಜೆಯ ಹೊತ್ತಿಗೆ ಆಕೆ ಮೀನಿನಂತೆ ಬಾಯಿ ತೆರೆದು ಉಸಿರಿಗೆ ಹಾತೊರೆಯುತ್ತಿದ್ದಳು. ಪಕ್ಕೆಗೆ ನಳಿಕೆ ಹಾಕಿ ಗಾಳಿ ತೆಗೆದರು. ಆಕೆ ಬದುಕಿ, ಗುಣವಾಗಿ, ಮನೆಗೆ ಹೋದಳು. ಆದರೆ ವರಾಂಡದಲ್ಲಿ ಆಕೆಯ ಗಂಡ ಇವನ ಎದೆಯ ಮೇಲೆ ಬೆರಳೂರಿ, 'ಇಲ್ಲಿ ಚುಚ್ಚಲೇನು ನಿನಗ? ಇಲ್ಲಿ?' ಎಂದು ಕೇಳಿದ್ದು, ನೆರೆದವರಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದು, ತಾನು ಗೋಡೆಗೆ ಒರಗಿದ್ದು, ಇದಾವುದೂ ಮನೆಗೆ ಹೋಗಲಿಲ್ಲ. ಅಂದಿನಿಂದ ಅವನು ಮೇಲಿನ ಸೂಜಿಯವನಾದ.

ಅಂಜಿ ಬಿಟ್ಟೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹಾಗೆನ್ನಲಿಲ್ಲ. ಓದಿಕೊಂಡವನಲ್ಲವೆ, ಅಂಜಿಕೆಗೆ ಅಂಗಿ ತೊಡಿಸಿದ. ಆಳದ ಸೂಜಿ ಹಾಕಿಸಿಕೊಂಡ ಹಿಂದಿನ ಹೆಂಗಸರು, ಮೇಲಿನ ಸೂಜಿ ಹಾಕಿಸಿಕೊಂಡ ಈಚಿನ ಹೆಂಗಸರು, ಎರಡೂ ಗುಂಪು ಎದುರುಬದುರು ಇಟ್ಟು ಹೋಲಿಸಿದ. ಹಿಂದಿನವರ ನೋವಿನ ಅಂಕಿ ಆಸ್ಪತ್ರೆಯ ಕಾಗದದಲ್ಲಿತ್ತು; ಈಚಿನವರನ್ನು ಹತ್ತಕ್ಕೆ ಎಷ್ಟು ನೋವು ಎಂದು ತಾನೇ ಮಂಚದ ಹತ್ತಿರ ಹೋಗಿ ಕೇಳಿದ. ಸೊನ್ನೆ ಅಂದರೆ ನೋವಿಲ್ಲ, ಹತ್ತೆಂದರೆ ತಡೆಯಲಾರದ್ದು. ಎರಡಕ್ಕೂ ಅಂಥ ಫರಕಿಲ್ಲ ಎಂದು ಬಂತು. ಬಾಗೇವಾಡಿಯಲ್ಲಿ ಡಾಕ್ಟರುಗಳ ಸಭೆಯಲ್ಲಿ ಅದನ್ನು ಪರದೆಯ ಮೇಲೆ ತೋರಿಸಿದಾಗ ಹಿರಿಯರೊಬ್ಬರು, 'ಛಲೋ ಕೆಲಸ ಮಾಡೀರಿ, ನಮ್ಮಂಥ ಸಣ್ಣ ಊರಿಗೆ ಇದೇ ಬರೋಬ್ಬರಿ' ಎಂದು ಬೆನ್ನು ತಟ್ಟಿದ್ದರು. ಆ ಅಂಕಿಗಳಲ್ಲಿ ಅಕ್ಕೋರದೂ ಒಂದಿತ್ತು. ಸೊನ್ನೆ. ಆ ಸೊನ್ನೆ ಕಂಡು ಅವನಿಗೆ ಮೂರನೆಯ ಇಯತ್ತೆಯಲ್ಲಿ ಪಾಸಾದಷ್ಟು ಹಿಗ್ಗಾಗಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅಕ್ಕೋರ ಮಗಳು ಯಾಸ್ಮಿನ ಸಿಕ್ಕಳು. ಮಸೂತಿ ಎಂಬ ಊರಿಗೆ ಕೊಟ್ಟವಳು, ತಾಯಿಯ ಸಲುವಾಗಿ ಬಂದಿದ್ದಳು. ಇವನನ್ನು ಕಂಡು ಸೆರಗು ಸರಿಮಾಡಿಕೊಂಡು, 'ಅಣ್ಣಾ, ಅಮ್ಮಿಗೆ ಹೇಳಬ್ಯಾಡ್ರಿ ನಾ ಹೇಳೇನಿ ಅಂತ. ಆ ಎಡಗಡೆ ಬಾಜೂ ಅಕಿಗೆ ಆರಾಮ ಇಲ್ರಿ' ಎಂದಳು. ಅವನಿಗೆ ಕೇಳಿಸಿಯೂ ಕೇಳಿಸದಂತಾಯಿತು. ಒಳಗೆ ಹೋದಾಗ ಅಕ್ಕೋರು ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಮಂಚದ ಅಂಚಿಗೆ ಕೂತಿದ್ದರು. ಸೆರಗಿಲ್ಲದ ಅವರ ತಲೆಯನ್ನು ಅವನು ನೋಡಿದ್ದು ಅದೇ ಎರಡನೆಯ ಸಲ. ಚಿಕಿತ್ಸೆಯಲ್ಲಿ ಉದುರಿ ಮತ್ತೆ ಬಂದ ಬಿಳಿಗೂದಲು ಎಳೆಗೂಸಿನದರಂತೆ ಮೆತ್ತಗಿತ್ತು.

'ಬಂದೇನೋ ಸುಜಯಾ? ನಾಷ್ಟಾ ಮಾಡಿದೇನು?'

'ಆತ್ರಿ ಅಕ್ಕೋರ.'

'ನನಗ ಇವ್ರು ಒಂದ ಗುಟಕ ಚಾನೂ ಕೊಟ್ಟಿಲ್ಲ ನೋಡು. ನಿಂದ ಹುಕುಮ್ ಅಂತ.'

ಅವನು ನಗಲು ಹೋದ. ಅಷ್ಟರಲ್ಲಿ ಅವನ ಕಣ್ಣು ಅವರ ಕೈಯ ಮೇಲೆ ಬಿತ್ತು. ಮಾತಾಡುತ್ತಲೇ ಅವರು ಎಡಗಡೆಯ ಅಂಗಿಯನ್ನು ಎರಡು ಬೆರಳಿನಿಂದ ಹಿಡಿದು, ಮೈಗೆ ತಾಗದಂತೆ ಎತ್ತಿ ಹಿಡಿದಿದ್ದರು. ಅದು ರೂಢಿಯಾದ ಕೈ. ತಾನು ಹಾಗೆ ಹಿಡಿದಿರುವುದು ಅವರಿಗೇ ಗೊತ್ತಿರಲಿಲ್ಲ. ಗಾಯ ಮಾಯ್ದ ಮೇಲೂ ನರ ಮಾಯದೆ ಉಳಿದವರು ಹೀಗೆ ಬಟ್ಟೆಗೂ ಹೆದರುತ್ತಾರೆ. ಪುಸ್ತಕದಲ್ಲಿ ಓದಿದ್ದ, ಕಿರಿಯ ಡಾಕ್ಟರುಗಳಿಗೆ ಹೇಳಿಯೂ ಇದ್ದ.

'ಎಡಗಡೆ ನೋವೈತೇನ್ರಿ ಅಕ್ಕೋರ?'

'ಹಂಗೇನಿಲ್ಲ. ಯಾವಾಗರ ಒಮ್ಮಿ.'

ಬಾಗಿಲಲ್ಲಿ ನಿಂತಿದ್ದ ಯಾಸ್ಮಿನಳಿಗೆ ತಡೆಯಲಾಗಲಿಲ್ಲ. 'ಸುಳ್ಳ ಹೇಳ್ತಾಳ್ರಿ. ಕುಬಸ ತಾಗಿದ್ರ ಬೆಂಕಿ ಇಟ್ಟಂಗ ಆಗ್ತೈತಿ ಅಂತಾಳ. ಮಮ್ಮಗನ್ನ ಎತ್ತಿಕೊಂಡಿಲ್ರಿ ಇನ್ನೂತನ. ಅಂವಾ ಓಡಿ ಬಂದ್ರ ಹಿಂದ ಸರೀತಾಳ.'

'ಅಲ್ರಿ, ಆಪರೇಷನ್ ಆದ ದಿನ ನಾ ಕೇಳಿದಾಗ ಸೊನ್ನಿ ಅಂದಿದ್ರೆಲ್ಲ?'

ಅಕ್ಕೋರು ಮಗಳತ್ತ ಒಮ್ಮೆ ಸಿಟ್ಟಿನಿಂದ ನೋಡಿ, ಆಮೇಲೆ ಅವನತ್ತ ನೋಡಿ ಮೆಲ್ಲಗೆ ನಕ್ಕರು. 'ನೀ ಕೇಳಿದ್ದು ಹೆಂಗ ನೆನಪೈತೇನು? ತ್ರಾಸ ಏನ ಇಲ್ಲಲ್ರಿ ಅಕ್ಕೋರ, ಅಂತ ಕೇಳಿದಿ. ಉತ್ತರ ಹೇಳಿಕೊಟ್ಟು ಪ್ರಶ್ನಿ ಕೇಳಿದ್ರ ಹುಡುಗೂರು ಮತ್ತೇನ ಬರೀತಾವು? ಬಾಜೂಕ ನಿಮ್ಮ ದೊಡ್ಡ ಡಾಕ್ಟರು ನಿಂತಿದ್ರು. ನೀ ಅವರ ಮಾರಿ ಒಮ್ಮಿ, ನನ್ನ ಮಾರಿ ಒಮ್ಮಿ ನೋಡ್ತಿದ್ದಿ. ಎದಿ ಹರದ ಹೋಗಾಕತ್ತಿತ್ತು. ಆದ್ರ ನನ್ನ ಹುಡುಗ ನಾಕು ಮಂದ್ಯಾಗ ಸಣ್ಣಾಂವ ಆಗಬಾರದು ಅಂತ ಅಂದೆ. ಸಾಲ್ಯಾಗ ನಿನಗ ಯಾವಾಗರ ಪುಕಟ ಮಾರ್ಕ ಕೊಟ್ಟೇನೇನು? ಅವತ್ತ ಕೊಟ್ಟೆ.'

ಅವನು ಮಂಚದ ಕಾಲು ನೋಡುತ್ತ ನಿಂತ. ಇಷ್ಟು ಸಲೀಸಾಗಿ ಒಬ್ಬರಿಗೊಬ್ಬರು ಸುಳ್ಳು ಕೊಟ್ಟು ತೆಗೆದುಕೊಂಡು ಮಾಡುವ ಮರ್ಯಾದೆ ತಮ್ಮಿಬ್ಬರ ನಡುವೆ ಹೊಸದೇನಲ್ಲ. ರಮಜಾನ್ ಹಬ್ಬಕ್ಕೆ ಅಕ್ಕೋರು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಸುರಕುಂಬಾ ಹಾಕಿ, 'ನಿಮ್ಮವ್ವಗ ಕೊಡು' ಎಂದು ಅವನ ಚೀಲದಲ್ಲಿ ಇಡುತ್ತಿದ್ದರು. ದಾರಿಯುದ್ದಕ್ಕೂ ತುಪ್ಪದಲ್ಲಿ ಹುರಿದ ಶಾವಿಗೆಯ ವಾಸನೆ. ಅವನ ತಾಯಿ ಗೋದೂಬಾಯಿ ಡಬ್ಬಿಯನ್ನು ಎರಡು ಬೆರಳಿನಿಂದ ಈಸಿಕೊಂಡು ಹಿತ್ತಲಿಗೆ ಹೋಗಿ ಆಕಳ ಮುಂದೆ ಸುರುವುತ್ತಿದ್ದಳು. ಡಬ್ಬಿ ತೊಳೆದು, ಖಾಲಿ ಕಳಿಸಬಾರದೆಂದು ಸಕ್ಕರೆ ತುಂಬಿ, 'ಭಾಳ ರುಚಿ ಆಗಿತ್ತು ಅಂತ ಹೇಳು. ಅವರ ಮನಸ್ಸು ನೋಯಿಸಬಾರದು' ಎನ್ನುತ್ತಿದ್ದಳು. ಮರುದಿನ ಅಕ್ಕೋರು, 'ಹೆಂಗಿತ್ತೋ?' ಎಂದು ಕೇಳಿದರೆ ಅವನು ಎದ್ದು ನಿಂತು, 'ಭಾಳ ಛಲೋ ಇತ್ರಿ' ಎನ್ನುತ್ತಿದ್ದ. ಅವರು ನಂಬಿದ್ದರೋ ಇಲ್ಲವೋ. ಹೀಗೇ ನಕ್ಕು ಸಕ್ಕರೆಯ ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಹೇಳಿದ ಸುಳ್ಳುಗಳ ಮೇಲೆ ಊರೇ ನಿಂತಿದೆ ಎಂದು ಆಗ ಅನಿಸಿರಲಿಲ್ಲ. ಈಗಲೂ ಅದು ತಪ್ಪೆಂದು ಹೇಳುವ ಧೈರ್ಯ ಅವನಿಗಿಲ್ಲ. ಆದರೆ ಆ ಸುಳ್ಳಿನ ಮೇಲೆ ತಾನು ಒಂದು ಲೆಕ್ಕ ಕಟ್ಟಿ, ಪರದೆಯ ಮೇಲೆ ತೋರಿಸಿ, ಅದನ್ನೇ ಹಿಡಿದುಕೊಂಡು ಮತ್ತಷ್ಟು ಹೆಂಗಸರ ಬೆನ್ನಿಗೆ ಅದೇ ಸೂಜಿ ಹಾಕಿದೆನಲ್ಲ. ಅವರೂ ಸೊನ್ನೆ ಎಂದರಲ್ಲ. ಎಷ್ಟು ಜನ ನನ್ನ ಮುಖ ನೋಡಿ ಹೇಳಿದರೋ.

ಎಡಬದಿಯ ಈ ಉರಿ ಮೇಲಿನ ಸೂಜಿಯಿಂದಲೇ ಉಳಿಯಿತೆಂದು ಯಾರೂ ಹೇಳಲಾರರು. ಆಳದ್ದು ಹಾಕಿದ್ದರೂ ಉಳಿಯುತ್ತಿತ್ತೇನೋ. ಓದಿದ ಲೇಖನಗಳಲ್ಲಿ ಒಬ್ಬರ ಮಾತು ಒಬ್ಬರಿಗೆ ಕೂಡುವುದಿಲ್ಲ. ಥಿಯೇಟರಿನ ಬಟ್ಟೆ ತೊಡುವಾಗ ಇದನ್ನೆಲ್ಲ ನೆನೆದುಕೊಂಡ, ಅದರಿಂದ ಸಮಾಧಾನ ಬರುತ್ತದೆಯೇ ನೋಡಿದ. ಬರಲಿಲ್ಲ.

ಒಳಗೆ ಆಯೇಶಾ ಎಲ್ಲ ಸಜ್ಜು ಮಾಡಿಟ್ಟಿದ್ದಳು. ಕಲಿತು ಮುಗಿಸಿ ಈಗಷ್ಟೇ ಬಂದ ಭೂಲಿನ ಡಾಕ್ಟರು, ಮುದ್ದೇಬಿಹಾಳದ ಕಡೆಯವಳು, ಮಾತು ಕಡಿಮೆ. ಬಸಂತರಾಯ ಗಡಿಯಾರ ನೋಡಿ, 'ಲಗೂನ ಮೇಲಿಂದು ಹಾಕಿ ಮುಗಸ್ರಿ ಸುಜಯ' ಎಂದ.

'ಇಲ್ರಿ. ಇವತ್ತ ಆಳದ್ದು.'

ಬಸಂತರಾಯ ಹುಬ್ಬೇರಿಸಿದ. ಅಕ್ಕೋರನ್ನು ಟೇಬಲ್ಲಿನ ಮೇಲೆ ಕೂರಿಸಿ, ತಲೆದಿಂಬು ಅಪ್ಪಿಕೊಂಡು ಬಾಗಲು ಹೇಳಿದರು. ಎದುರಿಗೆ ನರ್ಸು ಅವರ ಭುಜ ಹಿಡಿದು ನಿಂತಳು. ಅವನು ಹಿಂದೆ ಕೂತ. ಬಾಗಿದ ಆ ಬೆನ್ನು ಕರಿಹಲಗೆಯ ಕಡೆ ತಿರುಗಿ ಬರೆಯುತ್ತಿದ್ದ ಬೆನ್ನೇ. ಈಗ ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ಎಣಿಸುವಷ್ಟು ಎದ್ದು ನಿಂತಿದ್ದವು. ಯಂತ್ರದ ಪರದೆಯ ಮೇಲೆ ಸ್ನಾಯುವಿನ ಬೂದು ಪದರುಗಳು, ಎಲುಬಿನ ಕರಿ ನೆರಳು, ಅದರ ಕೆಳಗೆ ಪುಪ್ಪುಸದ ಪೊರೆಯ ಬೆಳ್ಳನೆಯ ಗೆರೆ. ಅಕ್ಕೋರು ಉಸಿರೆಳೆದಾಗ ಅದು ಹೊಳೆದು ಜಾರುತ್ತಿತ್ತು. ಅವನು ಸೂಜಿಯನ್ನು ಚರ್ಮದ ಹತ್ತಿರ ತಂದ. ಬೆಳ್ಳನೆಯ ಗೆರೆ ಜಾರಿತು. ಎದೆಯ ಮೇಲೆ ಯಾರೋ ಬೆರಳೂರಿದಂತಾಯಿತು. ಪರದೆಯ ಮೇಲೆ ಗೆರೆಗಳೆಲ್ಲ ನಡುಗುತ್ತಿದ್ದವು. ಚಿತ್ರ ನಡುಗುತ್ತಿದೆಯೋ ಕೈಯೋ ಎಂದು ನೋಡಲು ಅವನು ಕಣ್ಣು ಕೆಳಗಿಳಿಸಲಿಲ್ಲ. ಆಳದ್ದೆಂದು ಎಲ್ಲರೆದುರು ಹೇಳಿ, ಈಗ ಎಲುಬಿನ ಮೇಲೇ ಔಷಧಿ ಬಿಟ್ಟು ಎದ್ದರೆ ಇಲ್ಲಿ ತಿಳಿಯುವುದು ಆಯೇಶಾ ಒಬ್ಬಳಿಗೆ. ಅವಳು ಹೇಳುವವಳಲ್ಲ. ಈ ಲೆಕ್ಕಾಚಾರ ಎಷ್ಟು ಬೇಗ ಮುಗಿಯಿತೆಂದರೆ, ಹಿಂದೆಯೂ ತಾನು ಹೀಗೇ ಮಾಡಿರಬಹುದೇ ಎಂದು ಅವನಿಗೆ ಭಯವಾಯಿತು.

'ಹಾಕಪಾ ಸುಜಯಾ, ನಾ ಅಂಜಂಗಿಲ್ಲ,' ದಿಂಬಿನೊಳಗಿಂದ ಅಕ್ಕೋರು ಅಂದರು.

ಅವನು ತಿರುಗಿ ನೋಡಿದ. ಆಯೇಶಾ ಆಗಲೇ ಕೈಗವಸು ತೊಟ್ಟು ಪಕ್ಕದಲ್ಲಿ ನಿಂತಿದ್ದಳು. ಅವನು ಎದ್ದ. ಅವಳು ಕೂತಳು. ಯಾಕೆ ಸರ್, ಏನಾಯಿತು ಸರ್ ಎಂದು ಅವಳು ಕೇಳಬಹುದಿತ್ತು. ಕೇಳದೆ ಕೂತದ್ದೇ ಅವನನ್ನು ಹೆಚ್ಚು ಚುಚ್ಚಿತು. ಅವಳಿಗೆ ಗೊತ್ತಿತ್ತು. ಬಹುಶಃ ಎಲ್ಲರಿಗೂ ಗೊತ್ತಿತ್ತು. ಬಸಂತರಾಯ ನೋಡಿಯೂ ನೋಡದವನಂತೆ ಕೈ ತೊಳೆಯಲು ಹೊರಟುಹೋದ. ಅವಳ ಸೂಜಿ ಅವಸರವಿಲ್ಲದೆ ಇಳಿಯಿತು. ಅಕ್ಕೋರು ಬೆಚ್ಚದಿರಲೆಂದು ಅವನು ಹಿಂದಿನಿಂದಲೇ, 'ಈಗ ಒಂಚೂರು ಒತ್ತಿದಂಗ ಆಗ್ತೈತ್ರಿ ಅಕ್ಕೋರ, ಅಲಗಬ್ಯಾಡ್ರಿ... ಆತು, ಔಷಧ ಬಿಡಾಕತ್ತೇವಿ' ಎಂದು ಹೇಳುತ್ತ ನಿಂತ. ಮಾತು ತನ್ನದು, ಕೈ ಅವಳದು. ಔಷಧಿ ಇಳಿದಂತೆ ಬೆಳ್ಳನೆಯ ಗೆರೆ ಮೆಲ್ಲಗೆ ಕೆಳಗೆ ಬಾಗಿತು, ಹರಿಯಲಿಲ್ಲ. ಧೈರ್ಯ ಹೇಳಲು ಮಾತಾಡಿದೆನೋ, ಸೂಜಿ ನನ್ನದೇ ಎಂದು ಅವರು ತಿಳಿಯಲೆಂದು ಮಾತಾಡಿದೆನೋ ಎಂಬುದು ಅವರನ್ನು ಮಲಗಿಸಿ ತಲೆಯ ಹತ್ತಿರ ಕೂತಷ್ಟು ಹೊತ್ತೂ ಅವನಿಗೆ ಬಗೆಹರಿಯಲಿಲ್ಲ.

ಮಧ್ಯಾಹ್ನ ಅಕ್ಕೋರಿಗೆ ಪೂರಾ ಎಚ್ಚರಾಯಿತು. ವಾರ್ಡಿನ ಕಿಟಕಿಯಾಚೆ ಬಸ್ ಸ್ಟ್ಯಾಂಡಿನ ಗದ್ದಲ. ಆಯೇಶಾ ಸಲಾಯಿನ್ ನಳಿಕೆ ಸರಿಮಾಡುತ್ತಿದ್ದಳು. ಅವನು ಮಂಚದ ಬುಡದಲ್ಲಿ ನಿಂತ. ಹೇಗೆ ಕೇಳಬೇಕೆಂದು ಥಿಯೇಟರಿನಿಂದ ಇಲ್ಲಿಯವರೆಗೆ ಹವಣಿಸಿ ಬಂದಿದ್ದ. ಬಾಯಿಗೆ ಬಂದದ್ದು, 'ಹೆಂಗೈತ್ರಿ ಅಕ್ಕೋರ?' ಇಷ್ಟೇ.

ಅವರು ಬಲಗಡೆಯ ಕಟ್ಟಿನ ಮೇಲೆ ಅಂಗೈ ಇಟ್ಟರು. ಒತ್ತಿ ನೋಡಿದರು. ಮುಖದಲ್ಲಿ ಅಚ್ಚರಿ ಮೂಡಿತು. 'ಏನೂ ಇಲ್ಲೋ. ಖರೇ ಹೇಳ್ತೇನಿ, ಈ ಸಲ ನಿನ್ನ ಮಾರಿ ನೋಡಿ ಹೇಳಾಕತ್ತಿಲ್ಲ. ಕೊಯ್ದಾರೋ ಇಲ್ಲೋ ಅನ್ನಂಗ ಐತಿ. ಎಂಥಾ ಕೈ ಬಂತೋ ನಿನಗ! ಈಗ ನೋಡು ತಮಾಷಿ, ಇವತ್ತ ಕೊಯ್ದ ಬಾಜೂ ನೋಯಾಕತ್ತಿಲ್ಲ. ಹೋದ ವರ್ಷದ್ದ ನೋಯಾಕತ್ತೈತಿ.'

ಆಯೇಶಾ ನಳಿಕೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಇನ್ನೊಂದು ಕ್ಷಣ ಸುಮ್ಮನಿದ್ದರೆ ಆ ಕೈ ತನ್ನದೇ ಆಗಿ ಉಳಿಯುತ್ತಿತ್ತು. ಆಯೇಶಾ ಹೊರಟುಹೋಗುತ್ತಿದ್ದಳು, ಅಕ್ಕೋರು ಹೊಗಳುತ್ತಿದ್ದರು. ನೋವಿನ ಹೋಲಿಕೆಗೆ ಇದಕ್ಕಿಂತ ನಿಚ್ಚಳವಾದದ್ದು ಯಾವ ಸಭೆಯ ಪರದೆಯ ಮೇಲೂ ಬಂದಿರಲಾರದು: ಒಂದೇ ಮೈ, ಎರಡು ಬದಿ.

'ಇವತ್ತಿನ ಸೂಜಿ ನಂದಲ್ರಿ ಅಕ್ಕೋರ,' ಎಂದ. 'ಈ ಆಯೇಶಾ ಹಾಕ್ಯಾಳ. ನನ್ನ ಕೈಲೆ ಆಗಲಿಲ್ಲ. ಹಳೇ ಬಾಜೂ ಅಷ್ಟೇ ನಂದು.'

ಅಕ್ಕೋರು ಅವನನ್ನೇ ನೋಡಿದರು. ಬೈದಾರು ಅಥವಾ ಬಿಡಪಾ ಅಂದಾರು ಎಂದು ಅವನು ಕಾದ. ಎರಡೂ ಆಗಲಿಲ್ಲ. ಅವರು ಆಯೇಶಾಳ ಕಡೆ ಕೈ ಚಾಚಿ ಅವಳ ಬೆರಳು ಮುಟ್ಟಿ, 'ಅಲ್ಲಾ ನಿನ್ನ ಕೈ ಹಿಂಗ ಇಡಲವ್ವಾ' ಎಂದರು. ಅವಳು ತಲೆ ತಗ್ಗಿಸಿ ಹೊರಗೆ ಹೋದಳು. ಆಮೇಲೆ ಅಕ್ಕೋರು ಅವನಿಗೆ ಸ್ಟೂಲ್ ತೋರಿಸಿ, 'ಕುಂಡರು. ಹಳೇದರ ಸುದ್ದಿ ಹೇಳ್ತೇನಿ' ಎಂದರು. ಹೇಳಿದರು. ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ, ಸ್ನಾನದ ನೀರು ಬಿದ್ದರೆ ಹೇಗೆ, ನಮಾಜಿಗೆ ಬಾಗಿದರೆ ಹೇಗೆ, ಇಲ್ಲದ ಮೊಲೆಯ ತುದಿ ಹೇಗೆ ತುರಿಸುತ್ತದೆ, ಗಂಡಸರ ಮುಂದೆ ಎಂದೂ ಆಡದ ಮಾತುಗಳನ್ನು ಪಾಠ ಹೇಳುವ ದನಿಯಲ್ಲೇ ಒಂದೂ ಬಿಡದೆ ಹೇಳಿದರು. ಅವನು ನಡುವೆ ಬಾಯಿ ಹಾಕಲಿಲ್ಲ.

'ಇದಕ್ಕೇನರ ಐತೇನಪಾ ಔಷಧ?'

ಐತಿ ಎನ್ನಲು ನಾಲಗೆ ತಾನಾಗಿ ಎದ್ದಿತು. ತಡೆದ. 'ಗುಳಿಗಿ ಅದಾವ್ರಿ. ಒಂಚೂರು ಕಡಿಮಿ ಆದೀತು. ಪೂರಾ ಹೋಗ್ತೈತಿ ಅಂತ ಹೇಳಾಕ ಬರಂಗಿಲ್ರಿ.'

'ಹೂಂ,' ಎಂದು ಅವರು ಕಣ್ಣು ಮುಚ್ಚಿದರು. ನಿದ್ದೆ ಬಂತೆಂದು ಅವನು ಏಳುವಾಗ ಮೆಲ್ಲಗೆ, 'ಇದು ಹೋಗಲಿಕ್ಕಿಲ್ಲ ಅನ್ನೂದನ್ನ ಯಾಸ್ಮಿನಗ ಹೇಳಬ್ಯಾಡ' ಎಂದರು.

ಹೊರಗೆ ಬೆಂಚಿನ ಮೇಲಿದ್ದ ಯಾಸ್ಮಿನ ಅವನನ್ನು ಕಂಡೊಡನೆ ಎದ್ದು ಬಂದಳು. 'ಅಮ್ಮಿಗೆ ಹೆಂಗೈತ್ರಿ ಅಣ್ಣಾ?'

'ಇವತ್ತ ಕೊಯ್ದ ಬಾಜೂ ನೋವಿಲ್ಲವ್ವಾ,' ಎಂದ. ಸುಳ್ಳಲ್ಲ. ಮುಂದೆ ಹೇಳಬೇಕಾದ ಮಾತು ಬಾಯಲ್ಲೇ ಇತ್ತು, ಅಕ್ಕೋರ ಮಾತಿನ ಕೆಳಗೆ ಸಿಕ್ಕಿಬಿದ್ದಿತ್ತು. ಅವಳ ಮುಖ ಅರಳಿತು. ಕಣ್ಣೊರೆಸಿಕೊಳ್ಳುತ್ತಲೇ ಫೋನು ತೆಗೆದು, ಮಸೂತಿಯ ಗಂಡನ ಮನೆಗೆ ಕೂಗಿ ಹೇಳತೊಡಗಿದಳು: 'ಆರಾಮ ಅದಾಳ್ರಿ! ಅಮ್ಮಿಗೆ ನೋವಽ ಇಲ್ಲಂತ! ಹೌದ್ರಿ, ಡಾಕ್ಟರ ಹೇಳಿದ್ರು. ಇಲ್ಲೇ ಬಾಜೂಕ ನಿಂತಾರ.'

ಅವನು ಬಾಜೂಕೇ ನಿಂತಿದ್ದ.